ಎಲ್ಮರ್ ಕೀತ್

ಎಲ್ಮರ್ ಮೆರಿಫೀಲ್ಡ್ ಕೀತ್ (ಮಾರ್ಚ್ 8, 1899 – ಫೆಬ್ರವರಿ 14, 1984) ಅಮೆರಿಕ ಸಂಯುಕ್ತ ಸಂಸ್ಥಾನದ ಪಶುಪಾಲಕ, ಬೇಟೆಗಾರ ಹಾಗೂ ಕೋವಿಗಳ ಕುರಿತು ವಿಪುಲವಾಗಿ ಬರೆದ ಲೇಖಕ. ರಿವಾಲ್ವರ್ ಆತ್ಮರಕ್ಷಣೆಗೆ ಮಾತ್ರ ಒದಗುವ ಆಯುಧವೆಂಬ ಭಾವನೆ ಪ್ರಬಲವಾಗಿದ್ದ ಕಾಲದಲ್ಲಿ, ಅದರಿಂದ ಜಿಂಕೆಯಂತಹ ದೊಡ್ಡ ಪ್ರಾಣಿಗಳನ್ನೂ ಬೇಟೆಯಾಡಬಹುದೆಂದು ಪ್ರಯೋಗಗಳ ಮೂಲಕ ತೋರಿಸಿಕೊಟ್ಟವರಲ್ಲಿ ಇವರು ಪ್ರಮುಖರು. .357 ಮ್ಯಾಗ್ನಮ್, .44 ಮ್ಯಾಗ್ನಮ್ ಮತ್ತು .41 ಮ್ಯಾಗ್ನಮ್ ಎಂಬ ಮೂರು ಪ್ರಸಿದ್ಧ ಕಾಡತೂಸುಗಳ ಹುಟ್ಟಿಗೆ ಇವರ ಪ್ರಯೋಗ ಮತ್ತು ಒತ್ತಾಯಗಳು ಕಾರಣವಾದವು. ಇವರು ರೂಪಿಸಿದ ಸೀಸದ ಗುಂಡಿನ ಆಕಾರವು ಇಂದಿಗೂ ಬಳಕೆಯಲ್ಲಿದೆ.

ಗಾಯಗೊಂಡ ಜಿಂಕೆಯೊಂದನ್ನು ಸುಮಾರು 600 ಗಜ ದೂರದಿಂದ ರಿವಾಲ್ವರಿನಲ್ಲಿ ಹೊಡೆದೆನೆಂದು ಅವರು ಬರೆದ ಪ್ರಸಂಗವು ಅವರಿಗೆ ಅಪಾರ ಕೀರ್ತಿಯನ್ನೂ ಅಷ್ಟೇ ವಿವಾದವನ್ನೂ ತಂದಿತು. ರಿವಾಲ್ವರಿನ ಪರಿಣಾಮಕಾರಿ ವ್ಯಾಪ್ತಿ ಎಷ್ಟು, ಎಷ್ಟು ದೂರದವರೆಗೆ ಅದನ್ನು ನಂಬಬಹುದು ಎಂಬ ಚರ್ಚೆಯಲ್ಲಿ ಅವರ ಹೆಸರು ಈಗಲೂ ಕೇಳಿಬರುತ್ತದೆ.

ಜನನ ಮತ್ತು ಬಾಲ್ಯ

ಕೀತ್ ಜನಿಸಿದ್ದು ಮಿಸ್ಸೂರಿ ರಾಜ್ಯದ ಹಾರ್ಡಿನ್ ಎಂಬ ಊರಿನಲ್ಲಿ. ಅವರು ಬಾಲಕರಾಗಿದ್ದಾಗಲೇ ಕುಟುಂಬವು ಪಶ್ಚಿಮದ ಮೊಂಟಾನಾ ರಾಜ್ಯಕ್ಕೆ ವಲಸೆ ಹೋಯಿತು. ಹನ್ನೆರಡನೆಯ ವಯಸ್ಸಿನ ಸುಮಾರಿಗೆ ಮಿಸೂಲಾ ಪಟ್ಟಣದಲ್ಲಿ ಅವರು ತಂಗಿದ್ದ ವಸತಿಗೃಹಕ್ಕೆ ಬೆಂಕಿ ಬಿದ್ದು, ಬಾಲಕನ ಮುಖ ಹಾಗೂ ಕೈಗಳು ತೀವ್ರವಾಗಿ ಸುಟ್ಟವು. ಬದುಕುವ ಭರವಸೆಯೇ ಕಡಿಮೆಯಿತ್ತು. ಜೀವವೇನೋ ಉಳಿಯಿತು, ಆದರೆ ಎಡಗೈ ಸುಟ್ಟು ಮುದುಡಿ, ವಿಕಾರಗೊಂಡು ನಿರುಪಯುಕ್ತವಾಯಿತು. ಮುದುಡಿದ ಆ ಕೈಯನ್ನು ಬಲವಂತವಾಗಿ ಬಿಡಿಸಿ ನೇರಗೊಳಿಸುವಂತೆ ತಾನೇ ತಂದೆತಾಯಿಯರನ್ನು ಒಪ್ಪಿಸಿದ್ದಾಗಿ, ಆ ಅಸಹನೀಯ ನೋವನ್ನು ಸಹಿಸಿ ಕೈಯನ್ನು ಮತ್ತೆ ಬಳಕೆಗೆ ತಂದುಕೊಂಡದ್ದಾಗಿ ಅವರು ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಮುಂದೆ ಕೋವಿಯೊಂದಿಗೇ ಬದುಕಿದ ವ್ಯಕ್ತಿಯ ಬಾಲ್ಯದಲ್ಲಿ ಇದೊಂದು ನಿರ್ಣಾಯಕ ಘಟನೆ.

ಅವರ ಹದಿಹರೆಯದ ದಿನಗಳಲ್ಲಿ ಮೊಂಟಾನಾ ಇನ್ನೂ ಪೂರ್ಣವಾಗಿ ನಾಗರಿಕಗೊಂಡಿರಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಕಾದಿದ್ದ ಯೋಧರು, ಕಾಡೆಮ್ಮೆಗಳ ಬೇಟೆಯ ಕಾಲವನ್ನು ಕಂಡಿದ್ದ ಹಿರಿಯರು, ದನಗಾಹಿಗಳು ಅಲ್ಲಿ ಜೀವಂತರಾಗಿದ್ದರು. ಅವರ ಬಾಯಿಂದ ಕಥೆಗಳನ್ನು ಕೇಳುತ್ತ, ಹಳೆಯ ರಿವಾಲ್ವರುಗಳಿಗೆ ಮದ್ದು ತುಂಬುವ ಹಾಗೂ ಗುರಿಯಿಡುವ ಕ್ರಮಗಳನ್ನು ಕೀತ್ ಕಲಿತರು. ಶಾಲೆಯ ವಿದ್ಯೆಗಿಂತ ಈ ಹಿರಿಯರ ಅನುಭವವೇ ಅವರಿಗೆ ಪಾಠವಾಯಿತು.

ಜೀವನೋಪಾಯ

ತರುಣ ಕೀತ್ ದನಗಾಹಿಯಾಗಿ, ಪಳಗದ ಕುದುರೆಗಳನ್ನು ಪಳಗಿಸುವ ಸವಾರನಾಗಿ, ಬೇಟೆಗಾರರಿಗೆ ಕಾಡಿನ ದಾರಿ ತೋರಿಸುವ ಮಾರ್ಗದರ್ಶಿಯಾಗಿ ದುಡಿದರು. 1920ರ ದಶಕದಲ್ಲಿ ಓಹಿಯೊ ರಾಜ್ಯದ ಕ್ಯಾಂಪ್ ಪೆರಿಯಲ್ಲಿ ನಡೆಯುತ್ತಿದ್ದ ರಾಷ್ಟ್ರೀಯ ರೈಫಲ್ ಸ್ಪರ್ಧೆಗಳಲ್ಲಿಯೂ ಭಾಗವಹಿಸಿದರು. 1926ರಲ್ಲಿ ಲೊರೇನ್ ಎಂಬವರನ್ನು ವಿವಾಹವಾದರು. ಆರೆಗಾನ್ ರಾಜ್ಯದ ಡರ್ಕೀ ಎಂಬಲ್ಲಿ ಕೆಲವು ಕಾಲ ಪಶುಪಾಲನೆ ನಡೆಸಿದ ಅನಂತರ ಐಡಾಹೊ ರಾಜ್ಯದ ನಾರ್ತ್ ಫೋರ್ಕ್ ಸಮೀಪದ ಜಮೀನಿಗೆ, ಮುಂದೆ ಅದೇ ಸೀಮೆಯ ಸಾಮನ್ ಎಂಬ ಸಣ್ಣ ಪಟ್ಟಣಕ್ಕೆ ಬಂದು ನೆಲೆಸಿದರು.

ಸಾಮನ್ ನದಿಯ ಕಣಿವೆ ಕಡಿದಾದ ಬೆಟ್ಟಗಳಿಂದ ಕೂಡಿದ ಪ್ರದೇಶ. ಇಲ್ಲಿ ಮರಗಳ ದಟ್ಟಣೆ ಕಡಿಮೆಯಿದ್ದು, ಒಂದು ಇಳಿಜಾರಿನಿಂದ ಎದುರಿನ ಇಳಿಜಾರಿನವರೆಗೆ ದೃಷ್ಟಿ ಹರಿಯುತ್ತದೆ. ಗುಂಡು ಒಣನೆಲಕ್ಕೆ ತಾಗಿದರೆ ಧೂಳೆದ್ದು ಬಿದ್ದ ಜಾಗ ಕಾಣುತ್ತದೆ. ದೂರದ ಬಂಡೆಗಳಿಗೆ ರಿವಾಲ್ವರಿನಿಂದ ಗುರಿಯಿಟ್ಟು ದಿನವೂ ಅಭ್ಯಾಸ ಮಾಡುವ ಅವರ ರೂಢಿಗೆ ಇಂತಹ ಭೂಮಿ ಅನುಕೂಲವಾಗಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂಟಾ ರಾಜ್ಯದ ಆಗ್ಡನ್ ಶಸ್ತ್ರಾಗಾರದಲ್ಲಿ ಅವರು ಸಣ್ಣ ಶಸ್ತ್ರಗಳ ಪರಿವೀಕ್ಷಕರಾಗಿ ಸೇವೆ ಸಲ್ಲಿಸಿದರು. ಅಲ್ಲಿ ದುರಸ್ತಿಗೊಂಡು ಅವರ ತಪಾಸಣೆಯಲ್ಲಿ ತೇರ್ಗಡೆಯಾದ ರೈಫಲುಗಳ ಮರದ ಭಾಗದ ಮೇಲೆ ಶಸ್ತ್ರಾಗಾರದ ಮತ್ತು ಅವರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದ ಓ.ಜಿ.ಇ.ಕೆ. ಎಂಬ ಮುದ್ರೆ ಬೀಳುತ್ತಿತ್ತು. ಈ ಮುದ್ರೆಯಿರುವ ರೈಫಲುಗಳನ್ನು ಸಂಗ್ರಾಹಕರು ಈಗಲೂ ಹುಡುಕಿ ಕೊಳ್ಳುತ್ತಾರೆ.

ಸ್ಫೋಟಗೊಂಡ ಕೋಲ್ಟ್ ಮತ್ತು ಪ್ರಯೋಗಗಳ ಆರಂಭ

ಆ ಕಾಲದ ಪಶ್ಚಿಮ ಸೀಮೆಯ ನೆಚ್ಚಿನ ರಿವಾಲ್ವರ್ 1873ರ ಮಾದರಿಯ ಕೋಲ್ಟ್. ಅದರ ಪ್ರಸಿದ್ಧ ಕಾಡತೂಸು.45 ಕೋಲ್ಟ್. ಕೀತ್ ಆರಂಭದಲ್ಲಿ ಇದನ್ನೇ ಬಳಸುತ್ತಿದ್ದರು. ಅದರಿಂದ ಹೆಚ್ಚಿನ ಶಕ್ತಿಯನ್ನು ಪಡೆಯಲು ತೂಕದ ಗುಂಡನ್ನೂ ತುಂಬು ಮದ್ದನ್ನೂ ಬಳಸಿ ಪ್ರಯೋಗ ನಡೆಸುತ್ತಿದ್ದಾಗ, 1920ರ ದಶಕದ ನಡುಭಾಗದಲ್ಲಿ ಅವರ ಕೈಯಲ್ಲಿದ್ದ ರಿವಾಲ್ವರಿನ ಸಿಲಿಂಡರಿನ ಮೇಲ್ಭಾಗ ಸಿಡಿದು ಹೋಯಿತು. ಪ್ರಾಣಕ್ಕೆ ಅಪಾಯವಾಗಲಿಲ್ಲ.

ಈ ಅವಘಡದಿಂದ ಕೀತ್ ಒಂದು ಮುಖ್ಯ ಪಾಠ ಕಲಿತರು. ಒಂದೇ ಗಾತ್ರದ ಸಿಲಿಂಡರಿನಲ್ಲಿ ಆರು ರಂಧ್ರಗಳನ್ನು ಕೊರೆಯುವಾಗ, ರಂಧ್ರ ದೊಡ್ಡದಾದಷ್ಟೂ ಉಳಿಯುವ ಉಕ್ಕಿನ ಗೋಡೆ ತೆಳುವಾಗುತ್ತದೆ. .45ಕ್ಕಿಂತ ತುಸು ಕಿರಿದಾದ .44 ಸ್ಪೆಷಲ್ ಕಾಡತೂಸಿಗೆ ಕೊರೆದ ಸಿಲಿಂಡರಿನಲ್ಲಿ ಗೋಡೆ ದಪ್ಪವಾಗಿ ಉಳಿದು ಹೆಚ್ಚಿನ ಒತ್ತಡವನ್ನು ತಾಳಬಲ್ಲದು. 1907ರ ಸುಮಾರಿಗೆ ಬಳಕೆಗೆ ಬಂದಿದ್ದ .44 ಸ್ಪೆಷಲ್, ಕಾರ್ಖಾನೆಯಿಂದ ಬರುತ್ತಿದ್ದ ರೂಪದಲ್ಲಿ ಬಹಳ ಸೌಮ್ಯವಾದ ಕಾಡತೂಸು. ಸುಮಾರು 246 ಗ್ರೇನ್ ತೂಕದ ಗುಂಡನ್ನು ಸೆಕೆಂಡಿಗೆ 750 ಅಡಿಯಷ್ಟು ವೇಗದಲ್ಲಿ ಹಾರಿಸುತ್ತಿತ್ತು. ಕೀತ್ ತಮ್ಮ ಕೈಯಾರೆ ತುಂಬಿದ ಕಾಡತೂಸುಗಳಲ್ಲಿ 250 ಗ್ರೇನ್ ಗುಂಡಿನ ವೇಗವನ್ನು ಸೆಕೆಂಡಿಗೆ ಸುಮಾರು 1,200 ಅಡಿಗೆ ಏರಿಸಿದರು. ಮುಂದಿನ ಮೂವತ್ತು ವರ್ಷಗಳ ಕಾಲ .44 ಸ್ಪೆಷಲ್ ಅವರ ಅಚ್ಚುಮೆಚ್ಚಿನ ಬೇಟೆಯ ಕಾಡತೂಸಾಯಿತು.

ಐದನೆಯ ಸಂಖ್ಯೆಯ ರಿವಾಲ್ವರ್

ಈ ಪ್ರಯೋಗಗಳ ಕುರಿತು ಕೀತ್ ಅಮೆರಿಕನ್ ರೈಫಲ್‌ಮನ್ ಪತ್ರಿಕೆಗೆ ಬರೆಯತೊಡಗಿದರು. ನೂರಾರು ಗಜ ದೂರದ ಗುರಿಗೆ ರಿವಾಲ್ವರಿನಿಂದ ಹೊಡೆಯುತ್ತೇನೆಂಬ ಅವರ ಬರಹಗಳನ್ನು ಓದಿ ಅನೇಕರು ನಂಬಲಿಲ್ಲ. ಪೆನ್ಸಿಲ್ವೇನಿಯಾದ ಹೆರಾಲ್ಡ್ ಕ್ರಾಫ್ಟ್ ಎಂಬ ರಿವಾಲ್ವರ್ ಪ್ರಿಯರು ತಾವು ಮಾರ್ಪಡಿಸಿದ ಕೋವಿಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು, ಆರೆಗಾನಿನ ಕೀತ್ ಅವರ ಜಮೀನಿಗೇ ಬಂದು ಕಣ್ಣಾರೆ ಪರೀಕ್ಷಿಸಿದರು. ದೂರದಲ್ಲಿ ನಿಲ್ಲಿಸಿದ ದೊಡ್ಡ ಗುರಿಹಲಗೆಗೆ ಗುಂಡುಗಳು ತಾಗುವುದನ್ನು ಕಂಡು ಅವರ ಸಂದೇಹ ನೀಗಿತು. ಇಬ್ಬರ ನಡುವೆ ಸ್ನೇಹ ಬೆಳೆಯಿತು.

ಕ್ರಾಫ್ಟ್ ತಮ್ಮ ಮಾರ್ಪಡಿಸಿದ ಕೋವಿಗಳಿಗೆ ಒಂದರಿಂದ ನಾಲ್ಕರವರೆಗೆ ಸಂಖ್ಯೆಗಳನ್ನು ಇಟ್ಟಿದ್ದರು. ಅವುಗಳಲ್ಲಿನ ಉತ್ತಮ ಅಂಶಗಳನ್ನು ಸೇರಿಸಿ, ಹಲವು ಕುಶಲ ಕೋವಿ ಕಮ್ಮಾರರ ನೆರವಿನಿಂದ ಕೀತ್ ತಮಗಾಗಿ ಸಿದ್ಧಪಡಿಸಿಕೊಂಡ .44 ಸ್ಪೆಷಲ್ ರಿವಾಲ್ವರಿಗೆ ಐದನೆಯ ಸಂಖ್ಯೆ ಎಂಬ ಹೆಸರು ಬಂದಿತು. ಸಮತಟ್ಟಾದ ಮೇಲ್ಪಟ್ಟಿ, ಮೇಲೆ ಕೆಳಗೆ ಹೊಂದಿಸಬಹುದಾದ ಗುರಿಸೂಚಕ, ಕೈಗೆ ಚೆನ್ನಾಗಿ ಕೂಡುವ ಹಿಡಿ ಇದರ ವೈಶಿಷ್ಟ್ಯಗಳು. 1929ರ ಏಪ್ರಿಲ್‌ನಲ್ಲಿ ಇದರ ಕುರಿತು ಅಮೆರಿಕನ್ ರೈಫಲ್‌ಮನ್ ಪ್ರಕಟಿಸಿದ ಅವರ ಲೇಖನ ಕೋವಿಪ್ರಿಯರ ವಲಯದಲ್ಲಿ ಪ್ರಸಿದ್ಧವಾಯಿತು. 1950ರ ದಶಕದಲ್ಲಿ ರೂಗರ್ ಕಂಪನಿ ಹೊರತಂದ ಬ್ಲ್ಯಾಕ್‌ಹಾಕ್ ರಿವಾಲ್ವರುಗಳಲ್ಲಿ ಸಮತಟ್ಟಾದ ಮೇಲ್ಪಟ್ಟಿ ಮತ್ತು ಹೊಂದಿಸಬಹುದಾದ ಗುರಿಸೂಚಕಗಳು ಕಾಣಿಸಿಕೊಂಡವು.

ಕೀತ್ ಗುಂಡು

ರಿವಾಲ್ವರಿನಿಂದ ಬೇಟೆಯಾಡುವವರಿಗೆ ಕೀತ್ ನೀಡಿದ ಅತಿ ದೊಡ್ಡ ಕೊಡುಗೆಯೆಂದರೆ ಗುಂಡಿನ ಆಕಾರ. ಅದುವರೆಗೆ ಬೇಟೆಗೆ ಬಳಕೆಯಲ್ಲಿದ್ದ ಗುಂಡುಗಳ ತುದಿ ದುಂಡಾಗಿರುತ್ತಿತ್ತು. ಅಂತಹ ಗುಂಡು ಮಾಂಸದೊಳಗೆ ಜಾರಿಕೊಂಡು ಹೋಗಿ ಕಿರಿದಾದ ಗಾಯವನ್ನು ಮಾಡುತ್ತದೆ. ಗಾಯ ಬೇಗ ಮುಚ್ಚಿಕೊಳ್ಳುವುದರಿಂದ ಪ್ರಾಣಿ ಬಹುದೂರ ಓಡಿಹೋಗುತ್ತದೆ. ಗುರಿಹಲಗೆಗೆ ಹೊಡೆಯಲು ಬಳಸುತ್ತಿದ್ದ ಚಪ್ಪಟೆ ತುದಿಯ ಗುಂಡು ಕಾಗದದಲ್ಲಿ ಅಚ್ಚುಕಟ್ಟಾದ ರಂಧ್ರ ಕೊರೆದರೂ ದೂರಕ್ಕೆ ಸ್ಥಿರವಾಗಿ ಹಾರುತ್ತಿರಲಿಲ್ಲ.

ಕೀತ್ ಇವೆರಡರ ನಡುವಿನ ಆಕಾರವೊಂದನ್ನು ರೂಪಿಸಿದರು. ತುದಿ ಅಗಲವಾಗಿ ಚಪ್ಪಟೆಯಾಗಿರಬೇಕು; ಅದರ ಹಿಂದೆ ನಳಿಕೆಯ ಪೂರ್ಣ ವ್ಯಾಸದಷ್ಟು ಅಗಲದ, ಚೂಪಾದ ಅಂಚಿನ ಭುಜವಿರಬೇಕು; ನಳಿಕೆಯೊಳಗಿನ ಸುರುಳಿ ಗೆರೆಗಳನ್ನು ಹಿಡಿಯಲು ಸಮಾನ ಅಗಲದ ಮೂರು ಪಟ್ಟಿಗಳಿರಬೇಕು; ಜಿಡ್ಡು ತುಂಬಲು ಆಳವಾದ ಚೌಕ ತೋಡು ಇರಬೇಕು. ಐಡಿಯಲ್ ಹಾಗೂ ಲೈಮನ್ ಹೆಸರಿನಲ್ಲಿ ತಯಾರಾದ ಇದರ ಅಚ್ಚುಗಳ ಪೈಕಿ .44 ಗಾತ್ರದ 429421, .45 ಗಾತ್ರದ 454424, .38 ಗಾತ್ರದ 358429 ಎಂಬ ಕ್ರಮಾಂಕಗಳವು ಪ್ರಸಿದ್ಧ. ಸೀಸಕ್ಕೆ ತವರ ಬೆರೆಸಿ ತುಸು ಗಡಸುಗೊಳಿಸಿ, ಮನೆಯಲ್ಲಿಯೇ ಅಚ್ಚಿಗೆ ಎರಕ ಹೊಯ್ದು ಗುಂಡು ತಯಾರಿಸುವುದು ಅವರ ಕ್ರಮ. ಸೆಮಿ-ವಾಡ್‌ಕಟರ್ ಎಂದು ಕರೆಯಲಾಗುವ ಈ ಗುಂಡು ಪ್ರಾಣಿಯ ದೇಹವನ್ನು ಒಂದು ಪಾರ್ಶ್ವದಿಂದ ಮತ್ತೊಂದಕ್ಕೆ ತೂರಿಹೋಗಬಲ್ಲದು. ಎರಡೂ ಕಡೆ ರಂಧ್ರವಾದಾಗ ರಕ್ತಸ್ರಾವ ಹೆಚ್ಚಿ ಪ್ರಾಣಿ ಬೇಗ ಬೀಳುತ್ತದೆ; ಓಡಿದರೂ ರಕ್ತದ ಜಾಡಿನಿಂದ ಅದನ್ನು ಹುಡುಕಬಹುದು.

ಮ್ಯಾಗ್ನಮ್ ಕಾಡತೂಸುಗಳು

.357 ಮ್ಯಾಗ್ನಮ್: 1930ರ ಸುಮಾರಿಗೆ ಸ್ಮಿತ್ ಅಂಡ್ ವೆಸನ್ ಕಂಪನಿ ದೊಡ್ಡ ಚೌಕಟ್ಟಿನ .38 ರಿವಾಲ್ವರುಗಳನ್ನು ತಯಾರಿಸಿತು. ಇವುಗಳಿಗಾಗಿ ಕೀತ್ ಮತ್ತು ಫಿಲಿಪ್ ಶಾರ್ಪ್ ಮೊದಲಾದವರು ಪ್ರಬಲ ಕಾಡತೂಸುಗಳನ್ನು ಪ್ರಯೋಗಿಸಿದರು. ಇದರ ಫಲವಾಗಿ 1935ರಲ್ಲಿ .357 ಮ್ಯಾಗ್ನಮ್ ಹೊರಬಂದಿತು. ಹಳೆಯ ದುರ್ಬಲ ರಿವಾಲ್ವರುಗಳಲ್ಲಿ ತಪ್ಪಿಯೂ ಬಳಸದಿರಲೆಂದು ಇದರ ಕೋಶವನ್ನು .38 ಸ್ಪೆಷಲ್ ಕೋಶಕ್ಕಿಂತ ತುಸು ಉದ್ದವಾಗಿಸಲಾಯಿತು. ಕಂಪನಿಯ ಡಗ್ಲಾಸ್ ವೆಸನ್ ಸ್ವತಃ ಇದರಿಂದ ದೊಡ್ಡ ಪ್ರಾಣಿಗಳನ್ನು ಬೇಟೆಯಾಡಿ ಪ್ರಚಾರ ಮಾಡಿದರು. ಆದರೆ ಕೀತ್ ಅವರಿಗೆ ತೃಪ್ತಿಯಾಗಲಿಲ್ಲ. ದೊಡ್ಡ ಪ್ರಾಣಿಗಳಿಗೆ ಅಗಲವಾದ, ತೂಕದ ಗುಂಡೇ ಬೇಕೆಂಬುದು ಅವರ ನಿಲುವಾಗಿತ್ತು.

.44 ಮ್ಯಾಗ್ನಮ್: ತಾವು ಮನೆಯಲ್ಲಿ ತುಂಬಿಕೊಳ್ಳುತ್ತಿದ್ದ ಪ್ರಬಲ .44 ಕಾಡತೂಸನ್ನು ಕಾರ್ಖಾನೆಯೇ ತಯಾರಿಸಬೇಕೆಂದು ಕೀತ್ ವರ್ಷಾನುಗಟ್ಟಲೆ ಒತ್ತಾಯಿಸಿದರು. ಸ್ಮಿತ್ ಅಂಡ್ ವೆಸನ್ ಅಧ್ಯಕ್ಷ ಕಾರ್ಲ್ ಹೆಲ್‌ಸ್ಟ್ರಾಮ್ ಮತ್ತು ರೆಮಿಂಗ್ಟನ್ ಕಂಪನಿ ಕೊನೆಗೂ ಒಪ್ಪಿದರು. 1955ರ ಕೊನೆಯಲ್ಲಿ ಹೊಸ ರಿವಾಲ್ವರ್ ಸಿದ್ಧವಾಗಿ, 1956ರಲ್ಲಿ ಮಾರುಕಟ್ಟೆಗೆ ಬಂದಿತು. ಕೀತ್ ಕೇಳಿದ್ದಕ್ಕಿಂತಲೂ ಇದು ಪ್ರಬಲವಾಗಿತ್ತು: 240 ಗ್ರೇನ್ ಗುಂಡಿಗೆ ಸೆಕೆಂಡಿಗೆ 1,400 ಅಡಿಗೂ ಮೀರಿದ ವೇಗ. ಮಾಡೆಲ್ 29 ಎಂದು ಹೆಸರಾದ ಈ ರಿವಾಲ್ವರ್ 1971ರ ಡರ್ಟಿ ಹ್ಯಾರಿ ಚಲನಚಿತ್ರದಿಂದ ಜಗತ್ತಿನಾದ್ಯಂತ ಪರಿಚಿತವಾಯಿತು. ಆದರೆ ಕೀತ್ ಅವರ ಉದ್ದೇಶ ಬೇಟೆಗಾರನ ಅಗತ್ಯವನ್ನು ಪೂರೈಸುವುದಾಗಿತ್ತು.

.41 ಮ್ಯಾಗ್ನಮ್: ಬಿಲ್ ಜೋರ್ಡನ್ ಮತ್ತು ಸ್ಕೀಟರ್ ಸ್ಕೆಲ್ಟನ್ ಎಂಬ ಲೇಖಕರ ಜೊತೆಗೂಡಿ ಕೀತ್ ಪ್ರತಿಪಾದಿಸಿದ ಈ ಕಾಡತೂಸು 1964ರಲ್ಲಿ ಬಂದಿತು. ಪೊಲೀಸರಿಗೆ ಉಪಯುಕ್ತವಾಗಲೆಂಬ ಆಶಯವಿದ್ದರೂ ಅಲ್ಲಿ ನಿರೀಕ್ಷಿತ ಜನಪ್ರಿಯತೆ ಗಳಿಸಲಿಲ್ಲ.

ಜಿಂಕೆ ಬೇಟೆಯಲ್ಲಿ ರಿವಾಲ್ವರಿನ ವ್ಯಾಪ್ತಿ ಮತ್ತು ನಿಖರತೆ

ಕೀತ್ ಅವರ ಸಾಧನೆಯನ್ನೂ ಅದರ ಸುತ್ತಲಿನ ವಿವಾದವನ್ನೂ ಅರಿಯಲು ಪರಿಣಾಮಕಾರಿ ವ್ಯಾಪ್ತಿ ಎಂಬ ಪರಿಕಲ್ಪನೆಯನ್ನು ತಿಳಿಯಬೇಕು. ಗುಂಡು ಎಷ್ಟು ದೂರ ಹಾರಬಲ್ಲದು ಎಂಬುದು ವ್ಯಾಪ್ತಿಯಲ್ಲ. ಪ್ರಾಣಿಯನ್ನು ಹಿಂಸೆಯಿಲ್ಲದೆ ಬೇಗನೆ ಕೊಲ್ಲುವಂತೆ ಗುಂಡನ್ನು ಎಷ್ಟು ದೂರದವರೆಗೆ ಖಚಿತವಾಗಿ ಸೇರಿಸಬಹುದು ಎಂಬುದೇ ಪರಿಣಾಮಕಾರಿ ವ್ಯಾಪ್ತಿ. ಇದಕ್ಕೆ ಮೂರು ಮಿತಿಗಳಿವೆ: ಕೋವಿಯ ನಿಖರತೆ, ಗುಂಡಿನಲ್ಲಿ ಉಳಿದಿರುವ ಶಕ್ತಿ, ಹೊಡೆಯುವವನ ಸಾಮರ್ಥ್ಯ. ಈ ಮೂರರಲ್ಲಿ ಯಾವುದು ಅತಿ ಕಡಿಮೆಯೋ ಅದೇ ನಿಜವಾದ ವ್ಯಾಪ್ತಿ.

ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಮರ್ಮಭಾಗದ ಅಗಲ ಸುಮಾರು 20ರಿಂದ 25 ಸೆಂಟಿಮೀಟರ್. ಗುಂಡು ಇದರೊಳಗೆ ಬೀಳಬೇಕು; ಹೊಟ್ಟೆಗೋ ಕಾಲಿಗೋ ತಾಗಿದರೆ ಪ್ರಾಣಿ ಓಡಿಹೋಗಿ ದಿನಗಟ್ಟಲೆ ನರಳಿ ಸಾಯುತ್ತದೆ. ಆರೂವರೆ ಅಂಗುಲ ನಳಿಕೆಯ ರಿವಾಲ್ವರಿನಲ್ಲಿ ಹಿಂದಿನ ಹಾಗೂ ಮುಂದಿನ ಗುರಿಸೂಚಕಗಳ ನಡುವಿನ ಅಂತರ ಸುಮಾರು 20 ಸೆಂಟಿಮೀಟರ್ ಮಾತ್ರ. ಮುಂದಿನ ಗುರಿಸೂಚಕ ಒಂದು ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿದರೂ 50 ಮೀಟರ್ ದೂರದಲ್ಲಿ ಗುಂಡು 25 ಸೆಂಟಿಮೀಟರ್ ಆಚೆ ಬೀಳುತ್ತದೆ. ಎಂದರೆ ಮರ್ಮಭಾಗವೇ ತಪ್ಪಿಹೋಗುತ್ತದೆ. ಗುರಿಸೂಚಕಗಳ ಅಂತರ ಇದರ ಮೂರುಪಟ್ಟು ಇರುವ ರೈಫಲಿನಲ್ಲಿ ಅದೇ ತಪ್ಪು ಸುಮಾರು 8 ಸೆಂಟಿಮೀಟರಿನಷ್ಟೇ ಆಗುತ್ತದೆ. ಇದರ ಮೇಲೆ ರಿವಾಲ್ವರನ್ನು ಭುಜಕ್ಕೆ ಊರುವಂತಿಲ್ಲ; ಕೈಯ ನಡುಕ, ಉಸಿರಾಟ, ಬಲವಾದ ಹಿಂದೊದೆತದ ಭಯ ಇವೆಲ್ಲವೂ ಗುರಿಯನ್ನು ಕೆಡಿಸುತ್ತವೆ.

ಶಕ್ತಿಯ ದೃಷ್ಟಿಯಿಂದಲೂ ಮಿತಿಯಿದೆ. .44 ಮ್ಯಾಗ್ನಮ್ ಗುಂಡಿನ ವೇಗವು ಸೆಕೆಂಡಿಗೆ 1,400 ಅಡಿಯಿಂದ ಹೊರಟು 100 ಗಜ ತಲಪುವಷ್ಟರಲ್ಲಿ 1,100–1,200 ಅಡಿಗೆ ಇಳಿದಿರುತ್ತದೆ. ಬೇಟೆಯ ರೈಫಲುಗಳ ವೇಗ ಇದರ ಎರಡುಪಟ್ಟಿನಷ್ಟಿರುವುದರಿಂದ ಅವುಗಳ ಗುಂಡು ಗಾಯದ ಸುತ್ತಲಿನ ಅಂಗಾಂಶವನ್ನೂ ಛಿದ್ರಗೊಳಿಸುತ್ತದೆ. ರಿವಾಲ್ವರಿನ ಗುಂಡಿಗೆ ಆ ಸಾಮರ್ಥ್ಯವಿಲ್ಲ. ತಾನು ಕೊರೆದ ರಂಧ್ರದಿಂದಲೇ ಅದು ಕೆಲಸ ಮಾಡಬೇಕು. ಆದಕಾರಣ ಕೀತ್ ಗುಂಡಿನ ಅಗಲ, ತೂಕ ಮತ್ತು ತೂರುವ ಗುಣಕ್ಕೆ ಅಷ್ಟೊಂದು ಮಹತ್ವ ನೀಡಿದರು.

ಈ ಎಲ್ಲ ಕಾರಣಗಳಿಂದ, ಸಾಮಾನ್ಯ ಗುರಿಸೂಚಕವಿರುವ ರಿವಾಲ್ವರಿನಿಂದ ಜಿಂಕೆಯನ್ನು ಬೇಟೆಯಾಡಲು ಹೆಚ್ಚಿನವರಿಗೆ 50 ಗಜದ ಒಳಗಿನ ದೂರವೇ ತಕ್ಕುದು; ನಿರಂತರ ಅಭ್ಯಾಸವುಳ್ಳವರಿಗೆ 100 ಗಜದವರೆಗೆ ಸಾಧ್ಯ ಎಂಬುದು ಅನುಭವಿಗಳಲ್ಲಿ ಸಾಮಾನ್ಯವಾದ ಅಭಿಪ್ರಾಯ. ನಿಂತು ಹೊಡೆದಾಗ ಐದಾರು ಗುಂಡುಗಳೂ ಒಂದು ಊಟದ ತಟ್ಟೆಯೊಳಗೆ ಎಷ್ಟು ದೂರದವರೆಗೆ ಬೀಳುತ್ತವೆಯೋ ಅಷ್ಟೇ ತನ್ನ ವ್ಯಾಪ್ತಿ ಎಂದು ಬೇಟೆಗಾರ ತಿಳಿಯಬೇಕೆಂಬ ಸರಳ ಪರೀಕ್ಷೆಯೂ ಪ್ರಚಲಿತವಾಗಿದೆ.

ಕೀತ್ ಈ ಮಿತಿಗಳನ್ನು ಅರಿತೇ ಅವುಗಳನ್ನು ಹಿಗ್ಗಿಸುವ ಉಪಾಯಗಳನ್ನು ಹುಡುಕಿದರು. ನಿಂತು ಒಂದೇ ಕೈಯಲ್ಲಿ ಹೊಡೆಯುವ ಆ ಕಾಲದ ಸ್ಪರ್ಧಾಕ್ರಮವನ್ನು ಬೇಟೆಯಲ್ಲಿ ಬಿಟ್ಟು, ಎರಡೂ ಕೈಗಳಿಂದ ಹಿಡಿಯುವುದನ್ನು ರೂಢಿಸಿಕೊಂಡರು. ಕುಳಿತು, ಬೆನ್ನನ್ನು ಬಂಡೆಗೋ ಮರಕ್ಕೋ ಒರಗಿಸಿ, ಮೇಲೆತ್ತಿದ ಮೊಣಕಾಲುಗಳ ನಡುವೆ ಕೈಗಳನ್ನು ಬಿಗಿಮಾಡಿ ಹೊಡೆಯುವ ಭಂಗಿ ಅವರಿಗೆ ಪ್ರಿಯವಾಗಿತ್ತು. ದೂರ ಹೆಚ್ಚಾದಂತೆ ಮುಂದಿನ ಗುರಿಸೂಚಕವನ್ನು ಹಿಂದಿನದಕ್ಕಿಂತ ಎತ್ತರಕ್ಕೆ ಎತ್ತಿ, ಅದರ ತುದಿಯ ಮೇಲೆ ಗುರಿಯನ್ನು ಇರಿಸುತ್ತಿದ್ದರು. ಎಷ್ಟು ಎತ್ತಬೇಕೆಂದು ತಿಳಿಯಲು ಮುಂದಿನ ಗುರಿಸೂಚಕದ ಮೇಲೆ ಚಿನ್ನದ ಅಡ್ಡಗೆರೆಗಳನ್ನು ಕೂರಿಸಿಕೊಂಡಿದ್ದರು.

600 ಗಜದ ಪ್ರಸಂಗ

.44 ಮ್ಯಾಗ್ನಮ್ ಕೈಸೇರಿದ ಆರಂಭದ ವರ್ಷಗಳಲ್ಲಿ ಐಡಾಹೊದ ಬೆಟ್ಟಗಳಲ್ಲಿ ಈ ಪ್ರಸಂಗ ನಡೆಯಿತೆಂದು ಕೀತ್ ಬರೆದಿದ್ದಾರೆ. ಜೊತೆಗಾರರೊಬ್ಬರು ರೈಫಲಿನಿಂದ ಹೊಡೆದ ಮ್ಯೂಲ್ ಜಿಂಕೆಯ ಗಂಡೊಂದು ಗಾಯಗೊಂಡು ಎದುರಿನ ಇಳಿಜಾರಿನಲ್ಲಿ ತಪ್ಪಿಸಿಕೊಂಡು ಹೋಗುತ್ತಿತ್ತು. ಹೇಸರಗತ್ತೆಯಂತೆ ಉದ್ದ ಕಿವಿಗಳಿರುವ, ಉತ್ತರ ಅಮೆರಿಕದ ಪಶ್ಚಿಮ ಭಾಗದ ಈ ಜಿಂಕೆ ಬೆಟ್ಟವೇರಿ ಕಣ್ಮರೆಯಾದರೆ ಮತ್ತೆ ಸಿಗುವುದು ಕಷ್ಟ. ಆಗ ಕೀತ್ ಬಳಿಯಿದ್ದದ್ದು ಆರೂವರೆ ಅಂಗುಲ ನಳಿಕೆಯ ರಿವಾಲ್ವರ್. ಮೊದಲ ಗುಂಡುಗಳು ಗುರಿ ತಪ್ಪಿದವು. ಅವು ನೆಲಕ್ಕೆ ಬಿದ್ದ ಜಾಗವನ್ನು ನೋಡಿ ಗುರಿಯನ್ನು ತಿದ್ದಿಕೊಳ್ಳುತ್ತ, ಆರು ಗುಂಡುಗಳಲ್ಲಿ ಕೊನೆಯವುಗಳ ಪೈಕಿ ಎರಡನ್ನು ತಾಗಿಸಿ ಜಿಂಕೆಯನ್ನು ಕೆಡವಿದ್ದಾಗಿ ಅವರು ಹೇಳಿಕೊಂಡರು. ದೂರ ಸುಮಾರು 600 ಗಜವೆಂದು ಬರೆದರು.

ಈ ಬರಹಕ್ಕೆ ತೀವ್ರ ಪ್ರತಿಕ್ರಿಯೆ ಬಂದಿತು. ಅಷ್ಟು ದೂರ ಸಾಗಲು .44 ಮ್ಯಾಗ್ನಮ್ ಗುಂಡಿಗೆ ಸುಮಾರು ಎರಡು ಸೆಕೆಂಡು ಬೇಕು. ಅಷ್ಟರಲ್ಲಿ ಅದು ನಳಿಕೆಯ ನೇರದಿಂದ ಹತ್ತು ಮೀಟರಿಗೂ ಹೆಚ್ಚು ಕೆಳಗೆ ಇಳಿದಿರುತ್ತದೆ; ಗಾಳಿ ಬೀಸಿದರೆ ಪಕ್ಕಕ್ಕೂ ಸರಿಯುತ್ತದೆ; ಪ್ರಾಣಿ ಒಂದು ಹೆಜ್ಜೆ ಇಟ್ಟರೂ ಗುರಿ ತಪ್ಪುತ್ತದೆ. ಇದು ಅದೃಷ್ಟದ ಫಲವೆಂದು ಕೆಲವರು, ಉತ್ಪ್ರೇಕ್ಷೆಯೆಂದು ಕೆಲವರು ಟೀಕಿಸಿದರು. ಕೀತ್ ಅವರ ಅಭ್ಯಾಸವನ್ನು ಬಲ್ಲವರು ಮಾತ್ರ ಅವರಿಂದ ಇದು ಅಸಾಧ್ಯವಲ್ಲವೆಂದು ಸಮರ್ಥಿಸಿದರು. ಗುಂಡು ಬಿದ್ದ ಜಾಗ ಕಾಣುವಂತಿದ್ದರೆ ಪ್ರತಿ ಈಡಿನ ಅನಂತರವೂ ಗುರಿಯನ್ನು ತಿದ್ದಿಕೊಳ್ಳಬಹುದೆಂಬುದು ಅವರ ವಾದ.

ಈ ಪ್ರಸಂಗದಲ್ಲಿ ಎರಡು ಅಂಶಗಳು ಹಲವು ಬಾರಿ ಮರೆಯಾಗುತ್ತವೆ. ಮೊದಲನೆಯದಾಗಿ, ಜಿಂಕೆ ಅದಾಗಲೇ ಗಾಯಗೊಂಡಿತ್ತು. ಅದನ್ನು ನರಳಲು ಬಿಡದೆ ಮುಗಿಸಬೇಕೆಂಬುದೇ ಆ ಪ್ರಯತ್ನಕ್ಕಿದ್ದ ಕಾರಣ. ಗಾಯವಿಲ್ಲದ ಪ್ರಾಣಿಯ ಮೇಲೆ ಅಂತಹ ದೂರದಿಂದ ಹೊಡೆಯಬೇಕೆಂಬ ಬೋಧನೆ ಅದರಲ್ಲಿಲ್ಲ. ಎರಡನೆಯದಾಗಿ, ಅವರ ಲೆಕ್ಕದ ಪ್ರಕಾರವೇ ಆರರಲ್ಲಿ ಹೆಚ್ಚಿನ ಗುಂಡುಗಳು ತಪ್ಪಿದವು. ಜೀವಮಾನವಿಡೀ ಅಭ್ಯಾಸ ಮಾಡಿದವರಿಗೇ ಹೀಗಾಗಿದ್ದರೆ, ಈ ಪ್ರಸಂಗವನ್ನು ವ್ಯಾಪ್ತಿಯ ಅಳತೆಗೋಲಾಗಿ ಹಿಡಿಯುವಂತಿಲ್ಲ. ಕೀತ್ ಅವರ ಹೆಸರನ್ನು ಮುಂದಿಟ್ಟುಕೊಂಡು ದೂರದ ಈಡುಗಳಿಗೆ ಕೈಹಾಕಿದ ಅನನುಭವಿಗಳಿಂದ ಪ್ರಾಣಿಗಳಿಗೆ ಹಿಂಸೆಯೇ ಆದೀತೆಂಬ ಎಚ್ಚರಿಕೆಯನ್ನು ಮುಂದಿನ ಲೇಖಕರು ನೀಡಿದ್ದಾರೆ.

ರೈಫಲುಗಳು ಮತ್ತು ಓ'ಕಾನರ್ ಜೊತೆಗಿನ ವಾದ

ರೈಫಲಿನ ವಿಷಯದಲ್ಲಿಯೂ ಕೀತ್ ತೂಕದ ಗುಂಡಿನ ಪಕ್ಷಪಾತಿ. ಚಾರ್ಲ್ಸ್ ಓನೀಲ್ ಮತ್ತು ಡಾನ್ ಹಾಪ್‌ಕಿನ್ಸ್ ಜೊತೆಗೂಡಿ ಅವರು .333 ಓ.ಕೆ.ಎಚ್. ಮುಂತಾದ ಕಾಡತೂಸುಗಳನ್ನು ರೂಪಿಸಿದರು. ಮೂವರ ಹೆಸರಿನ ಮೊದಲಕ್ಷರಗಳೇ ಈ ಹೆಸರಾದವು. 1958ರಲ್ಲಿ ಬಂದ .338 ವಿಂಚೆಸ್ಟರ್ ಮ್ಯಾಗ್ನಮ್ ಕಾಡತೂಸಿನ ಹಿಂದೆ ಈ ಚಿಂತನೆಯ ಪ್ರಭಾವವಿದೆ. ಆಫ್ರಿಕಾದಲ್ಲಿಯೂ ಬೇಟೆಯಾಡಿದ ಅವರು ಆ ಅನುಭವವನ್ನು ಸಫಾರಿ ಎಂಬ ಪುಸ್ತಕದಲ್ಲಿ ಬರೆದರು.

ಇದಕ್ಕೆ ವಿರುದ್ಧವಾದ ನಿಲುವು ತಾಳಿದವರು ಅದೇ ಕಾಲದ ಇನ್ನೊಬ್ಬ ಪ್ರಸಿದ್ಧ ಲೇಖಕ ಜ್ಯಾಕ್ ಓ'ಕಾನರ್. ಹಗುರವಾದ, ಅತಿವೇಗದ ಗುಂಡನ್ನು ಹಾರಿಸುವ .270 ವಿಂಚೆಸ್ಟರ್ ಓ'ಕಾನರ್ ಅವರ ನೆಚ್ಚಿನ ಕಾಡತೂಸು. ಸರಿಯಾದ ಜಾಗಕ್ಕೆ ಬಿದ್ದ ಹಗುರ ಗುಂಡೂ ಸಾಕು ಎಂಬುದು ಅವರ ಪಕ್ಷ. ಯಾವ ಕೋನದಿಂದ ಬಿದ್ದರೂ ಮರ್ಮವನ್ನು ಮುಟ್ಟುವ ಗುಂಡು ಬೇಕೆಂಬುದು ಕೀತ್ ಅವರ ಪಕ್ಷ. ಈ ವಾದ ವೈಯಕ್ತಿಕ ವೈಮನಸ್ಯಕ್ಕೂ ತಿರುಗಿ ದಶಕಗಳ ಕಾಲ ಮುಂದುವರಿಯಿತು. ಓದುಗರೂ ಎರಡು ಪಂಗಡಗಳಾದರು.

ವ್ಯಕ್ತಿತ್ವ

ಕುಳ್ಳನೆಯ ದೇಹ, ತಲೆಯ ಮೇಲೆ ಅಗಲವಾದ ದೊಡ್ಡ ಟೋಪಿ, ಸೊಂಟದಲ್ಲಿ ರಿವಾಲ್ವರ್, ಬಾಯಲ್ಲಿ ಸಿಗಾರ್: ಇದು ಓದುಗರ ಮನಸ್ಸಿನಲ್ಲಿ ಉಳಿದ ಕೀತ್ ಅವರ ಚಿತ್ರ. ಅವರ ಬರವಣಿಗೆ ಆಡುಮಾತಿಗೆ ಸಮೀಪವಾದುದು. ವ್ಯಾಕರಣದ ನಯಕ್ಕಿಂತ ಅನುಭವದ ಖಚಿತತೆಯೇ ಅದರ ಬಲ. ತಾವು ಕಂಡದ್ದನ್ನು ಹಿಂಜರಿಕೆಯಿಲ್ಲದೆ ಹೇಳುವುದು, ಸಂದೇಹಪಟ್ಟವರನ್ನು ಸುಲಭವಾಗಿ ಕ್ಷಮಿಸದಿರುವುದು ಅವರ ಸ್ವಭಾವ. ಗನ್ಸ್ ಅಂಡ್ ಆಮೋ ಪತ್ರಿಕೆಯಲ್ಲಿ ಅವರು ಬರೆಯುತ್ತಿದ್ದ ಗನ್ ನೋಟ್ಸ್ ಅಂಕಣ ಬಹಳ ಜನಪ್ರಿಯವಾಗಿತ್ತು. 1973ರಲ್ಲಿ ಔಟ್‌ಸ್ಟ್ಯಾಂಡಿಂಗ್ ಅಮೆರಿಕನ್ ಹ್ಯಾಂಡ್‌ಗನ್ನರ್ ಪ್ರಶಸ್ತಿ ಸ್ಥಾಪನೆಯಾದಾಗ ಅದರ ಮೊದಲ ಪುರಸ್ಕೃತರಾಗಿ ಕೀತ್ ಆಯ್ಕೆಯಾದರು.

ಕೊನೆಯ ದಿನಗಳು

1981ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಕೀತ್ ಮತ್ತೆ ಚೇತರಿಸಿಕೊಳ್ಳಲಿಲ್ಲ. ಸುಟ್ಟ ಕೈಯನ್ನು ಛಲದಿಂದ ಬಳಕೆಗೆ ತಂದುಕೊಂಡಿದ್ದ ವ್ಯಕ್ತಿ ಬೇಟೆ ಮತ್ತು ಬರವಣಿಗೆ ಎರಡರಿಂದಲೂ ದೂರವಾಗಬೇಕಾಯಿತು. ಐಡಾಹೊದ ರಾಜಧಾನಿ ಬಾಯ್ಸಿಯ ಶುಶ್ರೂಷಾಗೃಹದಲ್ಲಿ ಕೊನೆಯ ದಿನಗಳನ್ನು ಕಳೆದು, 1984ರ ಫೆಬ್ರವರಿ 14ರಂದು ತಮ್ಮ 84ನೆಯ ವಯಸ್ಸಿನಲ್ಲಿ ನಿಧನರಾದರು.

ಪ್ರಮುಖ ಕೃತಿಗಳು

• ಸಿಕ್ಸ್‌ಗನ್ ಕಾರ್ಟ್ರಿಜಸ್ ಅಂಡ್ ಲೋಡ್ಸ್ (1936)
• ಬಿಗ್ ಗೇಮ್ ರೈಫಲ್ಸ್ ಅಂಡ್ ಕಾರ್ಟ್ರಿಜಸ್ (1936)
• ಎಲ್ಮರ್ ಕೀತ್ಸ್ ಬಿಗ್ ಗೇಮ್ ಹಂಟಿಂಗ್ (1948)
• ಶಾಟ್‌ಗನ್ಸ್ ಬೈ ಕೀತ್ (1950)
• ಸಿಕ್ಸ್‌ಗನ್ಸ್ ಬೈ ಕೀತ್ (1955)
• ಸಫಾರಿ (1968)
• ಕೀತ್: ಆ್ಯನ್ ಆಟೋಬಯಾಗ್ರಫಿ (1974)
• ಹೆಲ್, ಐ ವಾಸ್ ದೇರ್! (1979)

ಪ್ರಭಾವ

ಇಂದು ಅಮೆರಿಕದ ಅನೇಕ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ರಿವಾಲ್ವರ್ ಬಳಸಲು ಕಾನೂನಿನ ಅನುಮತಿಯಿದೆ. ಕಾಡತೂಸಿನ ಗಾತ್ರ, ಶಕ್ತಿ ಅಥವಾ ನಳಿಕೆಯ ಉದ್ದದ ಬಗ್ಗೆ ಹಲವು ರಾಜ್ಯಗಳು ಕನಿಷ್ಠ ಮಿತಿಯನ್ನು ವಿಧಿಸಿವೆ. ಈ ಬಗೆಯ ಬೇಟೆಗೆ ಮನ್ನಣೆ ದೊರೆಯುವಲ್ಲಿ ಕೀತ್ ಅವರ ಬರಹಗಳ ಪಾಲು ದೊಡ್ಡದು. ದೂರದರ್ಶಕವನ್ನು ಜೋಡಿಸಿದ ರಿವಾಲ್ವರುಗಳೂ ಅವರ ಕಾಲದವುಗಳಿಗಿಂತ ಪ್ರಬಲವಾದ ಕಾಡತೂಸುಗಳೂ ಈಗ ಬಳಕೆಗೆ ಬಂದಿವೆ. ಆದರೂ ಹತ್ತಿರ ಸಾಗಿ, ಆಸರೆ ಪಡೆದು, ಮರ್ಮವನ್ನು ಮುಟ್ಟುವ ಗುಂಡಿನಿಂದ ಖಚಿತವಾಗಿ ಹೊಡೆಯಬೇಕೆಂಬ ಮೂಲ ನಿಯಮ ಬದಲಾಗಿಲ್ಲ. ಜನರ ನೆನಪಿನಲ್ಲಿ ಕೀತ್ 600 ಗಜದ ಈಡಿನಿಂದ ಉಳಿದಿದ್ದಾರೆ. ಬೇಟೆಯ ಪದ್ಧತಿಯಲ್ಲಿ ಮಾತ್ರ ಅವರು ಉಳಿದಿರುವುದು ಚಪ್ಪಟೆ ತುದಿಯ ಗುಂಡು, ಎರಡು ಕೈಗಳ ಹಿಡಿತ ಮತ್ತು ನಿರಂತರ ಅಭ್ಯಾಸದ ಶಿಸ್ತಿನಿಂದ.